ಎರಡು ಹೂವಿನ ನಡುವಿನ ಕಲ್ಲು

ನನ್ನ ಸೊಸೆಯ ಕೆಲಸ ಹೋಗುವ ಹಂತಕ್ಕೆ ಬಂದದ್ದಕ್ಕೆ ಅರ್ಧ ಕಾರಣ ನಾನು. ಹೇಳಬೇಕಾದ ಒಂದು ಮಾತನ್ನು ಹೇಳಲಿಲ್ಲ. ಕಾಣದ್ದನ್ನು ಕಾಣುತ್ತದೆ ಅಂದೆ. ಮನೆಯಲ್ಲಿ ಈಗ ಯಾರೂ ಇದರ ಸುದ್ದಿ ಎತ್ತುವುದಿಲ್ಲ. ಹೀಗೇ ಬಿಟ್ಟರೆ ನಾಲ್ಕು ವರ್ಷಕ್ಕೆ ಒಬ್ಬೊಬ್ಬರೂ ಒಂದೊಂದು ಥರ ನೆನಪಿಟ್ಟುಕೊಳ್ಳುತ್ತಾರೆ, ಅದರಲ್ಲಿ ನಾನೇ ದೊಡ್ಡವಳಾಗಿಬಿಟ್ಟರೂ ಆಗಬಹುದು. ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ನಾವಿರುವುದು ದೋಹಾದಲ್ಲಿ, ಅಲ್ ಮನ್ಸೂರಾದಲ್ಲಿ. ಒಂದೇ ಮಲಗುವ ಕೋಣೆಯ ಮನೆ. ಕೆಳಗೆ ಇಡ್ಲಿ ಹೋಟೆಲು, ಬೆಳಿಗ್ಗೆ ಐದಕ್ಕೇ ಸಾಂಬಾರಿನ ಒಗ್ಗರಣೆ ನಮ್ಮ ಕಿಟಕಿಗೆ ಬರುತ್ತದೆ. ಮಗ ರಾಸ್ ಲಫಾನ್‌ನಲ್ಲಿ ಪೈಪಿನ ಕೆಲಸ ಮಾಡುತ್ತಾನೆ. ಅಲ್ ಖೋರ್‌ನ ಕಂಪನಿ ವಸತಿಯಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಾನೆ, ಶನಿವಾರ ಸಂಜೆ ಹೋಗುತ್ತಾನೆ. ಅವನ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಕಂಪನಿಯವರು ಮೊದಲೇ ಕಾಗದ ಕೊಟ್ಟಿದ್ದರು. ಎಂಟು ತಿಂಗಳ ಗಡುವು. ಕಾಗದ ಬಂದ ಒಂದೂವರೆ ತಿಂಗಳಿಗೆ ಸೊಸೆಗೆ ಕೆಲಸ ಸಿಕ್ಕಿತು. ಮೂರು ತಿಂಗಳು ಪರೀಕ್ಷೆ, ಪಾಸಾದರೆ ಕಾಯಂ. ಕಾಯಂ ಆದರೆ ಮನೆ ನಿಲ್ಲುತ್ತದೆ, ಮಗ ಅವಸರವಿಲ್ಲದೆ ಬೇರೆ ಕಡೆ ಹುಡುಕಬಹುದು. ಆಗದಿದ್ದರೆ ಎಂಟು ವರ್ಷದ ಮೊಮ್ಮಗಳನ್ನು ನಡು ವರ್ಷದಲ್ಲಿ ಶಾಲೆಯಿಂದ ಬಿಡಿಸಿ ನಾಲ್ಕೂ ಜನ ಗಂಟು ಕಟ್ಟಬೇಕು. ಇಷ್ಟೇ ಲೆಕ್ಕ. ಇದು ಮನೆಯಲ್ಲಿ ಮೊಮ್ಮಗಳಿಗೂ ಗೊತ್ತಿತ್ತು.

ಸೊಸೆಗೆ ಕೆಲಸ ಕೊಟ್ಟದ್ದು ಒಂದು ಕಲ್ಲು ಕೊಯ್ಯುವ ಕಾರ್ಖಾನೆ. ದೊಡ್ಡ ಮನೆಗಳ ನೆಲಕ್ಕೆ ಹೂವಿನ ಹಾಗೆ, ನಕ್ಷತ್ರದ ಹಾಗೆ ಬಣ್ಣದ ಅಮೃತಶಿಲೆ ಜೋಡಿಸಿಕೊಡುತ್ತಾರೆ. ಮೊದಲು ಆ ನೆಲದ ಫೋಟೊ ತೆಗೆಯುತ್ತಾರೆ. ಆ ಫೋಟೊದ ಮೇಲೆ ಕಂಪ್ಯೂಟರಿನಲ್ಲಿ ಚೌಕ, ತ್ರಿಕೋನ, ಹರಳಿನಾಕಾರ ಎಲ್ಲ ಕೂಡಿಸಿ ನಕ್ಷೆ ಮಾಡಬೇಕು. ನಕ್ಷೆ ನೋಡಿಕೊಂಡು ಯಂತ್ರ ನೀರಿನ ರಭಸದಲ್ಲಿ ಕಲ್ಲು ಕೊಯ್ಯುತ್ತದೆ. ನಕ್ಷೆ ಕೈಯಲ್ಲಿ ಬರೆಯುವುದಲ್ಲ, ಪ್ರೋಗ್ರಾಂ ಬರೆಯಬೇಕು. ಚಿತ್ರಗಳ ಕೆಲಸಕ್ಕೆಂದು ಯಾರೋ ಮೊದಲೇ ಬರೆದಿಟ್ಟ ಆಜ್ಞೆಗಳ ದೊಡ್ಡ ಮೂಟೆ ಇರುತ್ತದಂತೆ, ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಅದರಿಂದ ಬೇಕಾದ ಆಜ್ಞೆ ತೆಗೆದುಕೊಂಡು ಆಕಾರಗಳಿಗೆ ಪಕ್ಕಕ್ಕೆ ಸರಿ, ತಿರುಗು, ದೊಡ್ಡದಾಗು ಎಂದು ಹೇಳುವುದು ಸೊಸೆಯ ಕೆಲಸ. ಮನೆಯಲ್ಲೇ ಕೂತು ಮಾಡುತ್ತಿದ್ದಳು. ಮಗುವನ್ನು ನಾನು ನೋಡಿಕೊಳ್ಳುತ್ತಿದ್ದೆ.

ನನಗೆ ಈ ಕೆಲಸ ಅರ್ಥವಾಗುವುದಕ್ಕೆ ಕಾರಣವಿದೆ. ಶಹಾಬಾದದ ಕಡೆಯವಳು ನಾನು. ನನ್ನ ಗಂಡ ನೆಲಕ್ಕೆ ಫರಸಿ ಕಲ್ಲು ಹಾಸುವ ಮೇಸ್ತ್ರಿ. ಅವನ ಜೊತೆ ಮೂವತ್ತು ವರ್ಷ ಮೊಣಕಾಲೂರಿ ನೆಲದ ಮೇಲೆ ತೆವಳಿದ್ದೇನೆ. ಸಾವುಕಾರರ ಮನೆಯ ಪಡಸಾಲೆಗೆ ಕರಿ, ಬಿಳಿ, ಹಳದಿ ಕಲ್ಲಿನ ಹೂ ಕೂಡಿಸುವುದು ಅವನಿಗೆ ಗೊತ್ತಿತ್ತು. ಗಾರೆ ಹಾಕುವ ಮೊದಲು ಒಣಗಲ್ಲು ಜೋಡಿಸಿ ನೋಡುವುದು ನನ್ನ ಪಾಲಿಗೆ. ಕಲ್ಲಿನ ಏರುಪೇರು ಕಣ್ಣಿಗಿಂತ ಮೊದಲು ನನ್ನ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಗಂಡ ಕುಡಿದು ಸತ್ತ, ಅದು ಬೇರೆ ಮಾತು.

ಕೆಲಸ ಸೇರಿದ ಎರಡನೇ ವಾರ ಸೊಸೆ ಮಧ್ಯಾಹ್ನ ಊಟ ಬಿಟ್ಟು ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದಳು.

"ಏನಾತು?" ಅಂದೆ.

"ನೋಡ್ರಿ ಅತ್ತಿ. ಹೂವಾ ಸ್ವಲ್ಪ ತಿರಗಬೇಕು. ತಿರಗು ಅಂದ್ರ ಹಿಂಗ್ ಮಾಡ್ತಾವ."

ಗುಂಡಿ ಒತ್ತಿದಳು. ಹೂವಿನ ಎಂಟು ಎಸಳೂ ಒಂದೊಂದೂ ತಾನು ನಿಂತಲ್ಲೇ ಗಿರಕಿ ಹೊಡೆದವು. ಹೂವು ಹೋಗಿ ಹಲ್ಲುಕಿತ್ತ ಬಾಯಿಯಾಯಿತು. ನನಗೆ ನಗು ಬಂತು.

"ನಗಬ್ಯಾಡ್ರಿ. ನನಗ ಅಳು ಬರ್ಲಿಕತ್ತದ."

"ಮೊಳಿ ಎಲ್ಲದ?"

"ಯಾವ ಮೊಳಿ?"

"ನಡುವ ಒಂದು ಮೊಳಿ ಹೊಡಿಬೇಕಲ್ಲ ಹುಚ್ಚಿ. ಎಸಳು ಎಲ್ಲಾ ಆ ಮೊಳಿಗೆ ದಾರಾ ಕಟ್ಟಿದಂಗ ಇರ್ಬೇಕು. ತಿರಗಿದ್ರ ಮೊಳಿ ಸುತ್ತ ಎಲ್ಲಾ ಕೂಡಿ ತಿರಗಬೇಕು. ತಂತಮ್ಮ ಹೊಟ್ಟಿ ಸುತ್ತ ತಿರಗಿದ್ರ ಹೂವಾ ಎಲ್ಲಿ ಉಳಿತದ?"

ನಾವು ಹಾಗೇ ಮಾಡುತ್ತಿದ್ದೆವು. ಗೋಡೆ ಓರೆ ಇದ್ದರೆ ಒಂದೊಂದು ಕಲ್ಲು ತಿರುಗಿಸುವುದಿಲ್ಲ. ಒಂದು ಹೂವಿನ ಕಲ್ಲಿಗೆಲ್ಲ ಒಂದೇ ಬಣ್ಣದ ಸುಣ್ಣದ ಗೆರೆ ಎಳೆಯುತ್ತಿದ್ದೆವು, ನಡುವಿನ ಮೊಳೆಯಿಂದ ದಾರ ಹಿಡಿದು ಆ ಗೆರೆಯವನ್ನೆಲ್ಲ ಒಟ್ಟಿಗೆ ಸರಿಸುತ್ತಿದ್ದೆವು. ಸೊಸೆ ಕಂಪ್ಯೂಟರಿನ ಕಡೆ ತಿರುಗಿದಳು. ಆಮೇಲೆ ಏನೇನೋ ಓದಿದಳು. ಆ ಮೂಟೆಯಲ್ಲಿ ಅದಕ್ಕೂ ಒಂದು ಆಜ್ಞೆ ಇತ್ತಂತೆ, ಗ್ರೂಪ್ ಅಂತ. ಆಕಾರಗಳನ್ನು ಒಂದು ಗ್ರೂಪಿಗೆ ಕಟ್ಟಿದರೆ ಗ್ರೂಪಿಗೆ ಹೇಳಿದ್ದನ್ನು ಒಳಗಿರುವವೆಲ್ಲ ಕೇಳುತ್ತವೆ. ಮೊಳೆ ಎಲ್ಲಿ ಎಂದೂ ಹೇಳಬಹುದು. ಕಟ್ಟಿದಳು, ತಿರುಗಿಸಿದಳು. ಹೂವು ಅಚ್ಚುಕಟ್ಟಾಗಿ ತಿರುಗಿತು.

"ಅತ್ತಿ, ನೀವು ಇಂಜಿನಿಯರ್ ಆಗಬೇಕಿತ್ತು!" ಅಂದಳು.

ನಾನು ಉಬ್ಬಿದೆ. ಸುಳ್ಳು ಯಾಕೆ ಹೇಳಲಿ, ಅವತ್ತು ಚಪಾತಿ ಒತ್ತುವಾಗಲೂ ಉಬ್ಬಿಕೊಂಡೇ ಇದ್ದೆ. ಅಂದಿನಿಂದ ಪ್ರತಿ ನಕ್ಷೆಯನ್ನೂ ಕಳಿಸುವ ಮೊದಲು ನನಗೆ ತೋರಿಸುವುದು ಅವಳಿಗೆ ರೂಢಿಯಾಯಿತು. ಸರಿ ಇದೆಯೇ ಎಂದು ಕೇಳುತ್ತಿದ್ದಳು. ನಾನು ಕುತ್ತಿಗೆ ಚಾಚಿ ನೋಡಿ ಸರಿ ಅನ್ನುತ್ತಿದ್ದೆ.

ಇಲ್ಲಿ ನನ್ನ ಕಣ್ಣಿನ ವಿಷಯ ಬರುತ್ತದೆ. ಬಲಗಣ್ಣಿನಲ್ಲಿ ಹೊಗೆ ತುಂಬಿದ ಹಾಗಿತ್ತು. ಎಡಗಣ್ಣು ಸುಮಾರು. ದೂರದ ಬೋರ್ಡು ಓದಲಾಗುತ್ತಿರಲಿಲ್ಲ, ಬಸ್ಸಿನ ನಂಬರನ್ನು ಮೊಮ್ಮಗಳೇ ಹೇಳುತ್ತಿದ್ದಳು. ಕನ್ನಡ ಬರುವುದಿಲ್ಲವಲ್ಲ ಅವಳಿಗೆ ಸರಿಯಾಗಿ, ನಂಬರಾದರೂ ಕನ್ನಡದಲ್ಲಿ ಹೇಳು ಎಂದು ನಾನು ಬೈದು ಹೇಳಿಸುತ್ತಿದ್ದೆ. ಕಲಿಸುವ ನೆವದಲ್ಲಿ ನನ್ನ ಕೆಲಸ ಆಗುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಆಪರೇಷನ್‌ಗೆ ಊರಿಗೆ ಕಳಿಸುತ್ತಾರೆ, ಮಗು ನೋಡುವವರಿಲ್ಲದೆ ಸೊಸೆ ಕೆಲಸ ಬಿಡುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ, ಕಲ್ಲಿನ ಸಂದು ಹುಡುಕುವವಳು ಅನ್ನಿಸಿಕೊಂಡವಳಿಗೆ ಕಣ್ಣು ಕಾಣುವುದಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.

ಮೂರನೇ ತಿಂಗಳು ಒಂದು ದೊಡ್ಡ ಕೆಲಸ ಬಂತು. ಅಲ್ ಅಜೀಜಿಯಾದ ಒಂದು ವಿಲ್ಲಾ, ಗಂಡಸರು ಕೂರುವ ಮಜ್ಲಿಸ್ ಕೋಣೆಯ ನೆಲ. ಇಪ್ಪತ್ತನಾಲ್ಕು ಹೂವು, ಒಂದು ಹೂವಿಗೂ ಪಕ್ಕದ ಹೂವಿಗೂ ನಡುವೆ ಒಂದೊಂದು ಹಸಿರು ಕಲ್ಲು, ಗೋಡೆಯ ಬದಿಯ ಹೂವುಗಳ ಪಕ್ಕಕ್ಕೂ ಒಂದೊಂದು, ಸುತ್ತ ಅಂಚಿನ ಪಟ್ಟಿ. ಪಟ್ಟಿಯನ್ನು ಮೊದಲೇ ಕೊಯ್ದು ಕೂಡಿಸಿಯಾಗಿತ್ತು. ಆಮೇಲೆ ಅಳೆದರೆ ಒಳಗಿನ ಜಾಗ ಎಣಿಸಿದ್ದಕ್ಕಿಂತ ಒಂದು ಗೇಣು ಹೆಚ್ಚಿದೆ. ಪಟ್ಟಿ ಮುಟ್ಟುವಂತಿಲ್ಲ, ಹೂವುಗಳೇ ಒಂದಿಷ್ಟು ದೊಡ್ಡದಾಗಬೇಕು. ಸೊಸೆ ಒಂದೊಂದು ಹೂವನ್ನೂ ಗ್ರೂಪ್ ಮಾಡಿದ್ದಳು. ಒಂದೊಂದು ಗ್ರೂಪಿಗೂ ಇಷ್ಟು ದೊಡ್ಡದಾಗು, ಇಷ್ಟು ಪಕ್ಕಕ್ಕೆ ಸರಿ ಎಂದು ಹೇಳಿದಳು. ಎಲ್ಲ ಆಯಿತು. ನಡುವಿನ ಹಸಿರು ಕಲ್ಲುಗಳು ಮಾತ್ರ ಜಾಗ ಬಿಟ್ಟು ಆಚೆ ಹೋಗಿದ್ದವು.

"ಯಾಕ ಹಿಂಗಾತು ತಿಳಿವಲ್ದು. ಇವನ್ನ ಕೈಲೇ ಎಳದು ಜಾಗಕ್ಕ ಕೂಡಸ್ಲೇನು?" ಅಂದಳು.

"ಕೂಡಸು. ಸಂದಿನ ಕಲ್ಲು ಯಾವಾಗ್ಲೂ ಹಂಗ" ಅಂದೆ.

ಆಗ ನಾನು ಹೇಳಬೇಕಿತ್ತು. ಎರಡು ಹೂವಿನ ನಡುವಿನ ಕಲ್ಲಿಗೆ ನಾವು ಸುಣ್ಣದ ಗೆರೆಯನ್ನೇ ಎಳೆಯುತ್ತಿರಲಿಲ್ಲ. ಅದು ಯಾವ ಹೂವಿನದೂ ಅಲ್ಲ. ಹೂವುಗಳೆಲ್ಲ ಕೂತ ಮೇಲೆ ಉಳಿದ ಸಂದು ಅಳೆದು ಅದನ್ನು ಕಡೆಗೆ ಕೊಯ್ಯುವುದು. ಇದು ಮೇಸ್ತ್ರಿಗಳ ಮನೆಯ ಕೂಸಿಗೂ ಗೊತ್ತಿರುವ ಸಂಗತಿ. ಅಷ್ಟು ಗೊತ್ತಿರುವುದರಿಂದಲೇ ಯಾರೂ ಯಾರಿಗೂ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ, ನೋಡಿ ಕಲಿತಿದ್ದೆ. ಸೊಸೆ ನೋಡಿರಲಿಲ್ಲ. ಮೊಳೆಯ ಪಾಠ ಹೇಳಿ ಮೆರೆದವಳು ಇದನ್ನು ಹೇಳಲಿಲ್ಲ.

ಮುಗಿಸಿ ನನ್ನನ್ನು ಕರೆದಳು. "ಅತ್ತಿ, ಇದು ಭಾಳ ದೊಡ್ಡ ಕೆಲಸ. ಮ್ಯಾನೇಜರ್ ಇದನ್ನ ನೋಡೇ ಕಾಯಂ ಮಾಡೋದು ಬಿಡೋದು ಹೇಳ್ತಾರಂತ. ಸರಿಯಾಗಿ ನೋಡ್ರಿ. ಎಲ್ಲ್ಯಾರ ಒಂದರ ಮ್ಯಾಲ ಒಂದು ಹತ್ಯಾವೇನು?"

ನೋಡಿದೆ. ಹಸಿರು, ಬಿಳಿ, ಕಂದು ಬಣ್ಣ ಕಂಡವು. ಒಂದು ಕಲ್ಲು ಮುಗಿದು ಇನ್ನೊಂದು ಶುರುವಾಗುವ ಗೆರೆ ನನಗೆ ಕಾಣಲಿಲ್ಲ. ಗೆರೆ ಇದ್ದಲ್ಲೆಲ್ಲ ಮಂಜು. ಕನ್ನಡಕ ಒರೆಸಿ ಮತ್ತೆ ನೋಡಿದೆ.

"ಅಪ್ಪಟ ಅದ. ಕಳಸು" ಅಂದೆ.

ಕಳಿಸಿದಳು.

ಎಂಟನೇ ದಿನ ಫೋನು ಬಂತು. ಕಾರ್ಖಾನೆಯ ಮ್ಯಾನೇಜರು ಮಂಗಳೂರಿನ ಕಡೆಯ ಸಾಹೇಬರು, ತಂದೆಯ ಕಾಲದಿಂದ ಇಲ್ಲೇ ಇದ್ದಾರೆ. ಸೊಸೆ ಫೋನನ್ನು ಜೋರು ಮಾಡಿ ಇಟ್ಟಿದ್ದಳು, ನನಗೂ ಕೇಳಿಸಿತು.

"ಮೇಡಂ, ಎಂತ ಕಳ್ಸಿದ್ದು ನೀವು? ಹಸಿರು ಕಲ್ಲು ಒಂದೂ ಕೂತ್ಕೊಳ್ಳುದಿಲ್ಲ. ಒಂದೂ ಅಂದ್ರೆ ಒಂದೂ ಇಲ್ಲ. ಇಟಲಿ ಕಲ್ಲು ಅದು, ತರ್ಸಿದ್ದು. ನೀವು ಬನ್ನಿ, ನಿಮ್ಮ ಕಣ್ಣಲ್ಲೇ ನೋಡಿ."

ಸೊಸೆಯ ಮುಖ ಬೂದಿಯಾಯಿತು. ಚಪ್ಪಲಿ ಹಾಕಿಕೊಳ್ಳುವಾಗ ಎಡಗಾಲಿನದು ಬಲಗಾಲಿಗೆ ಹಾಕಿಕೊಂಡಳು. ನಾನೂ ಬರುತ್ತೇನೆ ಅಂದೆ. ಬೇಡ ಅನ್ನುವ ಶಕ್ತಿಯೂ ಅವಳಿಗೆ ಇರಲಿಲ್ಲ. ಮಗು ಶಾಲೆಯಿಂದ ಬರಲು ಮೂರು ತಾಸಿತ್ತು. ಟ್ಯಾಕ್ಸಿ ಮಾಡಿಕೊಂಡು ಸನಾಯಾಕ್ಕೆ, ಅಂದರೆ ಕಾರ್ಖಾನೆಗಳ ಬೀದಿಗೆ, ಹೋದೆವು. ದಾರಿಯುದ್ದಕ್ಕೂ ಅವಳು ಫೋನಿನಲ್ಲಿ ನಕ್ಷೆಯನ್ನು ದೊಡ್ಡದು ಮಾಡಿ ಸಣ್ಣದು ಮಾಡಿ ನೋಡುತ್ತಿದ್ದಳು.

ಶೆಡ್ಡಿನ ನೆಲದ ಮೇಲೆ ಇಡೀ ಮಜ್ಲಿಸಿನ ಹಾಸನ್ನು ಒಣಗಲ್ಲಿನಲ್ಲಿ ಬಿಡಿಸಿಟ್ಟಿದ್ದರು. ಹೂವುಗಳು ಕೂತಿದ್ದವು. ಹಸಿರು ಕಲ್ಲುಗಳನ್ನು ಒಂದು ಬದಿಗೆ ಸಾಲಾಗಿ ಇಟ್ಟಿದ್ದರು. ಮ್ಯಾನೇಜರು ನನ್ನನ್ನು ನೋಡಿ ಹುಬ್ಬು ಏರಿಸಿದರು.

"ಇವರು ಯಾರು?"

"ನಮ್ಮ ಅತ್ತಿ."

"ಅಮ್ಮ, ಹೊರಗಿನವರಿಗೆ ಇಲ್ಲಿ ಮಾಫಿ, ಬಿಡುದಿಲ್ಲ. ಕುರ್ಚಿ ಕೊಡ್ತೇನೆ, ಆಫೀಸಲ್ಲಿ ಕೂತ್ಕೊಳ್ಳಿ."

ನಾನು ಕೂರಲಿಲ್ಲ. ನೆಲಕ್ಕೆ ಮೊಣಕಾಲೂರಿದೆ. ಒಂದು ಹಸಿರು ಕಲ್ಲು ಎತ್ತಿ ಸಂದಿನ ಮೇಲೆ ಇಟ್ಟು, ಅಂಚಿಗೆ ಹೆಬ್ಬೆರಳು ಓಡಿಸಿದೆ. ಈ ಬದಿ ಒಂದು ಕಡ್ಡಿಯಷ್ಟು ಹೆಚ್ಚು, ಆ ಬದಿ ಒಂದು ಕಡ್ಡಿಯಷ್ಟು ಹೆಚ್ಚು, ನಾಲ್ಕೂ ಬದಿಗೆ ಅಷ್ಟೇ. ಇನ್ನೊಂದು ಎತ್ತಿದೆ. ಅದೂ ಅಷ್ಟೇ. ಗೋಡೆಯ ಬದಿಗೆ ಒಂದೇ ಹೂವು ಮುಟ್ಟುವ ಹಸಿರು ಕಲ್ಲುಗಳನ್ನು ಬೇರೆ ರಾಶಿ ಹಾಕಿದ್ದರು. ಅವು ಸರಿಯಾಗಿ ಕೂತವು.

"ಸಾಹೇಬ್ರ, ಎಲ್ಲಾ ಅಲ್ಲ. ಗ್ವಾಡಿ ಕಡಿವು ಕೂತಾವ ನೋಡ್ರಿ. ಎರಡ ಹೂವಿನ ನಡುವಿನವು ಅಷ್ಟೇ ದೊಡ್ಡಾಗ್ಯಾವ" ಅಂದೆ.

ಮ್ಯಾನೇಜರು ಬಗ್ಗಿ ನೋಡಿದರು. ಸೊಸೆಯೂ ಬಗ್ಗಿದಳು. ಅವಳ ಕೈಯಲ್ಲಿದ್ದ ಫೋನು ಹಾಗೇ ಇಳಿಯಿತು.

"ಎರಡು ಗ್ರೂಪ್‌ನ್ಯಾಗೂ ಇದ್ವು" ಅಂದಳು, ಯಾರಿಗೂ ಹೇಳದ ಹಾಗೆ. "ಈ ಹೂವಿನ ಗ್ರೂಪ್‌ನ್ಯಾಗೂ ಹಾಕೀನಿ, ಆ ಹೂವಿನ ಗ್ರೂಪ್‌ನ್ಯಾಗೂ ಹಾಕೀನಿ. ಈ ಗ್ರೂಪ್‌ಗೆ ದೊಡ್ಡದಾಗು ಅಂದಾಗ ಒಮ್ಮೆ ದೊಡ್ಡಾತು. ಆ ಗ್ರೂಪ್‌ಗೆ ಅಂದಾಗ ಮತ್ತೊಮ್ಮೆ. ಸರಿ ಅಂದಾಗನೂ ಎರಡು ಸಲ ಸರದಾವ, ಅದಕ್ಕೇ ಆಚಿ ಹೋಗಿದ್ವು. ನಾನು ಎಳದು ಕೂಡಿಸಿ ಮುಚ್ಚಿಬಿಟ್ಟೆ."

"ಅಂದ್ರೆ ಎಡವಟ್ಟು ಆದದ್ದು ನಿಮಗೆ ಮೊದ್ಲೇ ಕಾಣಿಸ್ತಿತ್ತಾ?" ಮ್ಯಾನೇಜರು ಕೇಳಿದರು.

ಅವಳು ಬಾಯಿ ತೆರೆಯುವ ಮೊದಲು ನಾನು ಬಾಯಿ ಹಾಕಿದೆ. ನನ್ನ ಚಾಳಿ ಅದು.

"ಅಕಿದೇನೂ ತಪ್ಪಿಲ್ರಿ. ಅಕಿ ನನಗ ತೋರಿಸಿದ್ಳು. ನಾನೇ ಅಪ್ಪಟ ಅದ ಕಳಸು ಅಂದೆ. ಖರೇ ಹೇಳಬೇಕಂದ್ರ ನನ್ನ ಕಣ್ಣು ಕಾಣಸಂಗಿಲ್ಲ. ಕಾಣ್ತದ ಅಂತ ಸುಳ್ಳು ಹೇಳೀನಿ."

ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ತಪ್ಪನ್ನು ನನ್ನ ತಲೆಗೆ ಹಾಕಿಕೊಂಡರೆ ಅವಳ ತಲೆ ಉಳಿಯುತ್ತದೆ ಅಂದುಕೊಂಡಿದ್ದೆ. ಮ್ಯಾನೇಜರು ನೆಟ್ಟಗೆ ನಿಂತರು.

"ಎಂತ ಮಾರಾಯ್ತಿ ಇದು! ಮೇಡಂ, ಕಂಪನಿ ಡ್ರಾಯಿಂಗ್ ನೀವು ಮನೆಯವರಿಗೆ ತೋರ್ಸಿ ಓಕೆ ಮಾಡುದಾ? ಅದೂ ಕಣ್ಣು ಕಾಣದವರಿಗೆ? ತಪ್ಪು ಎಲ್ಲರಿಗೂ ಆಗ್ತದೆ, ಅದನ್ನ ನಾನು ಮಾಲೀಕರಿಗೆ ಹೇಳಿ ಸಂಭಾಳಿಸ್ತಿದ್ದೆ. ಇದನ್ನ ಎಂತ ಅಂತ ಹೇಳುದು?"

ಸೊಸೆಯ ಕಿವಿ ಕೆಂಪಾಗಿತ್ತು.

ನಾನು ಬಿಡಲಿಲ್ಲ. ದೊಡ್ಡದಾದ ಕಲ್ಲು ಉಜ್ಜಿದರೆ ಸರಿಯಾಗುತ್ತದೆ, ಸಣ್ಣದಾಗಿದ್ದರೆ ಖಲಾಸ್ ಆಗುತ್ತಿತ್ತು, ಇಟಲಿ ಕಲ್ಲು ಹಾಳಾಗಿಲ್ಲ ಎಂದು ಹೇಳಿದೆ. ಸಂದಿನ ಮೇಲೆ ಕಾಗದ ಇಟ್ಟು ಹೆಬ್ಬೆರಳಿನಿಂದ ಅಂಚು ಒತ್ತಿ, ಆ ಅಳತೆಗೆ ಒಂದು ಹಸಿರು ಕಲ್ಲಿನ ಮೇಲೆ ಅವರ ಪೆನ್ಸಿಲ್ಲಿನಿಂದ ಗುರುತು ಎಳೆದು ಕೊಟ್ಟೆ. ಯಂತ್ರದವರು ಉಜ್ಜಿ ತಂದರು. ಕೂತಿತು. ಮ್ಯಾನೇಜರು ಅದನ್ನು ಎರಡು ಸಲ ಎತ್ತಿ ಇಟ್ಟು ನೋಡಿದರು.

"ಇದು ಆಗ್ತದೆ. ಒಂದು ವಾರ ತಡ ಆಗ್ತದೆ, ಅಷ್ಟೇ. ಅಮ್ಮ, ನಿಮ್ಮ ಕೈ ಒಳ್ಳೆದುಂಟು. ಬಾಯಿ ಸ್ವಲ್ಪ..." ಎಂದು ನಿಲ್ಲಿಸಿದರು. ಸೊಸೆಯ ಕಡೆ ತಿರುಗಿ, "ಮೇಡಂ, ಈಗ ಕಾಯಂ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಇನ್ನು ಮೂರು ತಿಂಗಳು ನೋಡುವ. ಮನೆಯಿಂದ ಕೆಲಸ ಇಲ್ಲ. ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಬರ್ಬೇಕು, ಡ್ರಾಯಿಂಗ್ ಇಲ್ಲಿಯವರೇ ನೋಡ್ತಾರೆ" ಅಂದರು.

ಮೂರು ತಿಂಗಳು ಮುಗಿಯುವ ಹೊತ್ತಿಗೆ ಮಗನ ಗಡುವಿಗೆ ಹದಿನೈದು ದಿನ ಉಳಿಯುತ್ತದೆ. ಅಷ್ಟು ನಾನು ನಿಂತಲ್ಲೇ ಎಣಿಸಿದೆ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವಳು ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು.

"ಕಣ್ಣು ಕಾಣಸಂಗಿಲ್ಲಂತ ನನಗ ಹೇಳಬೇಕಿತ್ತು ಅತ್ತಿ. ಅವರಿಗಲ್ಲ."

"ನಿನ್ನ ಉಳಸ್ಲಿಕ್ಕೆ ಹೇಳಿದೆ."

"ನನ್ನ ಉಳಸ್ಲಿಕ್ಕೆ ಹೇಳ್ಲಿಲ್ಲ. ಎಲ್ಲಾದ್ರಾಗೂ ನೀವೇ ಇರ್ಬೇಕು ನಿಮಗ. ಛಲೋ ಆದ್ರೂ ನಿಮ್ಮಿಂದ, ಕೆಟ್ಟರೂ ನಿಮ್ಮಿಂದ. ಸಂದಿನ ಕಲ್ಲು ಯಾವಾಗ್ಲೂ ಹಂಗ ಅಂದ್ರಿ. ಹಂಗ ಅಂದ್ರ ಹೆಂಗ ಅಂತ ಹೇಳಿದ್ರೇನು?"

ಇಲ್ಲ, ಹೇಳಿರಲಿಲ್ಲ. ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿದ. ಅವನಿಗೆ ಯಾವ ದೇಶದ ಭಾಷೆಯೋ.

ಗುರುವಾರ ಮಗ ಬಂದಾಗ ಅವಳೇ ಎಲ್ಲ ಹೇಳಿದಳು. ಒಂದೂ ಬಿಡಲಿಲ್ಲ, ಒಂದೂ ಸೇರಿಸಲಿಲ್ಲ. ಮಗ ನನ್ನ ಮೇಲೆ ರೇಗಾಡಲು ಹೋದ, ಅವಳೇ ತಡೆದಳು. "ಮೊದಲ ಕಣ್ಣು ತೋರಿಸ್ರಿ" ಅಂದಳು. ಮುಂದಿನ ವಾರ ಆಫೀಸಿನಲ್ಲಿ ಎರಡು ತಾಸು ರಜೆ ಕೇಳಿಕೊಂಡು ನನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದೂ ಅವಳೇ. ಡಾಕ್ಟರು ಹಿಂದಿಯಲ್ಲಿ ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದರು. ನಾಲ್ಕು ತಿಂಗಳು ಅನ್ನಬೇಕೆಂದು ಬಾಯಿಗೆ ಬಂದಿತ್ತು. ಎರಡು ವರ್ಷ ಅಂದೆ. ಸೊಸೆ ಫೋನಿನಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿ ಮತ್ತೆ ಕೆಳಗೆ ನೋಡಿದಳು. ಪೊರೆ ಬಂದಿದೆ, ತೆಗೆಯಬೇಕು, ಸರದಿ ಬರಲು ಕಾಯಬೇಕು ಅಂದರು.

ಆ ಮೂರು ತಿಂಗಳು ಮನೆ ನಡೆದ ಬಗೆ ಬರೆಯುವಂಥದ್ದಲ್ಲ. ಸೊಸೆ ಐದೂವರೆಗೆ ಮನೆ ಬಿಡುತ್ತಿದ್ದಳು, ಮೆಟ್ರೊ, ಅಲ್ಲಿಂದ ಬಸ್ಸು. ಮಗುವನ್ನು ಎಬ್ಬಿಸಿ, ಜಡೆ ಹಾಕಿ, ಕೆಳಗೆ ಶಾಲೆಯ ಬಸ್ಸಿಗೆ ಹತ್ತಿಸುವುದು ನಾನು. "ಅಜ್ಜಿ, ಯಲ್ಲಾ, ಬೇಗ ಬಾ, ಬಸ್ ಬಂತು, ನಿನಗೆ ಕಾಣಲ್ಲ ಅಂತ ನನಗೆ ಗೊತ್ತು, ಕೈ ಹಿಡ್ಕೊ" ಎಂದು ಅವಳೇ ನನ್ನನ್ನು ರಸ್ತೆ ದಾಟಿಸುತ್ತಿದ್ದಳು. ಮಗ ಫೋನಿನಲ್ಲಿ ಕೆಲಸದ ಸುದ್ದಿ ಇಲ್ಲ ಅನ್ನುತ್ತಿದ್ದ, ಪ್ರತಿ ಸಲ ಬೇರೆ ಬೇರೆ ದನಿಯಲ್ಲಿ. ನಾವು ಎರಡು ದೊಡ್ಡ ಚೀಲ ತಂದು ಮಂಚದ ಕೆಳಗೆ ಇಟ್ಟೆವು.

ಸೊಸೆ ಪ್ರೋಗ್ರಾಮನ್ನು ಹೊಸದಾಗಿ ಬರೆದಳಂತೆ. ಒಂದು ಆಕಾರ ಎರಡು ಗ್ರೂಪಿನಲ್ಲಿ ಸಿಕ್ಕರೆ ತಾನೇ ನಿಂತು ಕೂಗುವ ಹಾಗೆ ಮಾಡಿದಳಂತೆ. ಇದನ್ನು ಅವಳು ಗಂಡನಿಗೆ ಹೇಳುವಾಗ ಅಡಿಗೆಮನೆಯಿಂದ ಕೇಳಿಸಿಕೊಂಡದ್ದು. ನನಗೆ ಹೇಳಲಿಲ್ಲ.

ಹೋದ ವಾರ ಕಾಯಂ ಮಾಡಿದ ಕಾಗದ ಬಂತು. ಆಫೀಸಿನಿಂದಲೇ ಮಗನಿಗೆ ಫೋನು ಮಾಡಿದ್ದಳು. ಸಂಜೆ ಮನೆಗೆ ಬಂದು ಮಗಳಿಗೆ ಹೇಳಿದಳು, ಆಮೇಲೆ ಕೈಕಾಲು ತೊಳೆದು ಬಂದು ನನಗೆ ಹೇಳಿದಳು. ಅವಳ ಮುಖ ಮೊದಲಿಗಿಂತ ಇಳಿದಿತ್ತು, ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಇಷ್ಟು ಹತ್ತಿರದಿಂದ ನನಗೆ ಕಾಣುತ್ತದೆ.

"ಛಲೋ ಆತು" ಅಂದೆ. ಅಕ್ಕಿ ತೊಳೆಯುತ್ತ, "ಈಗ ಯಾವ ಮನಿ ನೆಲಾ ಮಾಡ್ಲಿಕತ್ತಿ?" ಎಂದು ಕೇಳಿದೆ.

"ಅದು ಆಫೀಸಿನ ವಿಷಯ ಅತ್ತಿ" ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಮಗುವಿನ ಪುಸ್ತಕ ತೆಗೆದುಕೊಂಡು ಒಳಗೆ ಹೋದಳು. ನಾನು ಅನ್ನಕ್ಕಿಟ್ಟೆ.